ಮಗು ಹೋದ ಮೇಲೂ ಬರುವ ಸೇವಂತಿ

ಮಂಗಳವಾರ ಬೆಳಗಿನ ಆರೂವರೆ. ವಿಲೆ ಪಾರ್ಲೆ ಪೂರ್ವದ ಒಂದು ಹಳೆಯ ಬಿಲ್ಡಿಂಗಿನ ಮೂರನೆಯ ಮಾಳಿಗೆ. ಹಜಾರದ ನೆಲದ ಮೇಲೆ ಸೇವಂತಿ ಮತ್ತು ಏಳು ವರ್ಷದ ಯಕ್ಷಿತಾ ಎದುರುಬದುರು ಕುಳಿತು ಬಟ್ಟೆ ಮಡಚುತ್ತಿದ್ದಾರೆ. ಅಜ್ಜನ ಹಳೆಯ ಬಿಳಿ ಪಂಚೆಗಳನ್ನು ಹರಿದು ಮಾಡಿದ ಲಂಗೋಟಿಗಳು ಅವು. ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ತರುವುದು, ಅಂಗೈಯಿಂದ ಸವರುವುದು, ಮತ್ತೆ ಮಡಚುವುದು. ಯಕ್ಷಿತಾ ಮಡಚಿದ್ದೆಲ್ಲ ಸ್ವಲ್ಪ ಸೊಟ್ಟ. ಸೇವಂತಿ ಅವನ್ನು ಸರಿಪಡಿಸಲು ಹೋಗುವುದಿಲ್ಲ. ಹದಿನಾಲ್ಕು ಬಟ್ಟೆ ಆದ ಮೇಲೆ ಹುಡುಗಿ ಶಾಲೆಯ ಚೀಲದಿಂದ ಪುಸ್ತಕಗಳನ್ನು ಹೊರಗೆ ತೆಗೆದಿಟ್ಟು, ಆ ಜಾಗದಲ್ಲಿ ಬಟ್ಟೆಗಳನ್ನು ಜೋಡಿಸುತ್ತಾಳೆ. ಮೇಲೆ ಒಂದು ಗಿಲಕಿ ಇಟ್ಟು ಜಿಪ್ ಎಳೆಯುತ್ತಾಳೆ.

ಚೀಲ ಊರಿಗೆ ಹೋಗಲಿಕ್ಕಿದೆ. ಮುಂದಿನ ಶುಕ್ರವಾರದ ಗಾಡಿಗೆ ಉಡುಪಿಗೆ ಟಿಕೆಟ್ ಆಗಿದೆ. ಊರಿನಲ್ಲಿ ಚಿಕ್ಕಜ್ಜಿಯ ಹತ್ತಿರ ತನ್ನ ತಮ್ಮ ಇದ್ದಾನೆ, ಅವನಿಗೆ ಬಟ್ಟೆ ಸಾಲದೆ ಹೋಗಬಹುದು ಎಂದು ಯಕ್ಷಿತಾ ತಿಳಿದಿದ್ದಾಳೆ.

ಊರಿನಲ್ಲಿ ತಮ್ಮ ಇಲ್ಲ. ಹುಟ್ಟಿದಾಗಲೇ ಅವನ ಹೃದಯದಲ್ಲಿ ತೊಂದರೆಯಿತ್ತು. ಒಂಬತ್ತು ದಿನ ಬದುಕಿ ಆಸ್ಪತ್ರೆಯಲ್ಲಿ ತೀರಿಕೊಂಡ. ಇವತ್ತಿಗೆ ಐದು ದಿನ. ಹೆಸರಿಡುವ ಹೊತ್ತಾಗಿರಲಿಲ್ಲ. ಯಕ್ಷಿತಾ ಮಾತ್ರ ಮೊದಲ ದಿನವೇ ಅವನನ್ನು ಛೋಟೂ ಎಂದು ಕರೆದಿದ್ದಳು. ಮನೆಯಲ್ಲಿ ವಿಷಯ ಗೊತ್ತಿಲ್ಲದಿರುವುದು ಅವಳೊಬ್ಬಳಿಗೇ.

ಸೇವಂತಿ ಬಾಣಂತಿಯರಿಗೆ ಮತ್ತು ಹಸುಗೂಸುಗಳಿಗೆ ಎಣ್ಣೆ ತಿಕ್ಕಿ ಮೀಯಿಸುವವರು. ಮುಂಬಯಿಯ ಜನ ಮಾಲಿಶ್‌ವಾಲಿ ಎನ್ನುತ್ತಾರೆ. ವಯಸ್ಸು ಐವತ್ತನಾಲ್ಕು. ಹೆಬ್ರಿಯ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಚೆಂಬೂರಿನ ಚಾಳ್‌ ಒಂದರ ಒಂಟಿಕೋಣೆಗೆ ಬಂದವರು. ಪಕ್ಕದ ಕೋಣೆಯ ಒಬ್ಬ ಮರಾಠಿ ಅಜ್ಜಿಯ ಜೊತೆ ನೀರು ಹೊತ್ತುಕೊಡಲು ಹೋಗುತ್ತ ಕೆಲಸ ಕಲಿತರು. ಮೂವತ್ತೊಂದು ವರ್ಷಗಳಿಂದ ಅದೇ ಕೆಲಸ. ನಾಲ್ಕೂವರೆಗೆ ಏಳುತ್ತಾರೆ. ಐದೂಕಾಲಿನ ಲೋಕಲ್ ಹಿಡಿದು, ವಡಾಳಾದಲ್ಲಿ ಇಳಿದು, ಅಂಧೇರಿ ಕಡೆಯ ಗಾಡಿ ಹತ್ತುತ್ತಾರೆ. ದಿನಕ್ಕೆ ಮೂರು ಮನೆ, ಒಂದೊಂದು ಮನೆಗೆ ನಲವತ್ತು ದಿನ. ಕೈಚೀಲದಲ್ಲಿ ತೆಂಗಿನೆಣ್ಣೆಯ ಸ್ಟೀಲ್ ಡಬ್ಬಿ, ಒಂದು ಬಟ್ಟಲು, ಬದಲಿ ಸೀರೆ. ಎಷ್ಟು ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಮೀಯಿಸಿದ್ದಾರೆ ಎಂಬ ಲೆಕ್ಕ ಅವರ ಬಳಿ ಇಲ್ಲ. ಮಗು ತೀರಿಕೊಂಡ ಮನೆಗಳ ಲೆಕ್ಕ ಇದೆ: ಇದು ಇಪ್ಪತ್ತಮೂರನೆಯದು.

ಮಗು ಹೋದರೆ ಮಾಲಿಶ್‌ವಾಲಿಗೆ ಫೋನ್ ಬರುತ್ತದೆ, ನಾಳೆಯಿಂದ ಬರಬೇಡಿ ಎಂದು. ಸೇವಂತಿಗೂ ಬರುತ್ತದೆ. ಆದರೂ ಹೋಗುತ್ತಾರೆ.

“ನಲವತ್ತು ದಿನ ಅಂತ ಒಪ್ಪಿಕೊಂಡದ್ದು. ಮಗು ಹೋಯ್ತು, ಬಾಣಂತಿ ಹೋಗ್ಲಿಲ್ಲವಲ್ಲ. ಅವಳ ಸೊಂಟ ಹಾಗೇ ಉಂಟು, ಎದೆಯಲ್ಲಿ ಹಾಲು ಹಾಗೇ ಉಂಟು. ಅವಳನ್ನು ಆದ್ರೂ ಯಾರಾದ್ರೂ ನೋಡ್ತಾರೆ. ಮನೆಯಲ್ಲಿ ದೊಡ್ಡ ಮಗು ಒಂದು ಇರ್ತದೆ ನೋಡಿ, ಅದನ್ನು ಯಾರೂ ನೋಡುವುದಿಲ್ಲ. ಟಿವಿ ಹಾಕಿ ಕೂರಿಸ್ತಾರೆ.”

ಆ ದೊಡ್ಡ ಮಗುವಿಗಾಗಿ ಸೇವಂತಿ ಮಾಡುವುದು ಹೆಚ್ಚೇನೂ ಅಲ್ಲ. ತಾಯಿಯ ಕೆಲಸ ಮುಗಿಸಿದ ಮೇಲೆ ಅದನ್ನು ಕರೆದು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾರೆ. ಹಿಂದೆ ಕುಳಿತೇ ಹಚ್ಚಬೇಕು. ಮುಖ ಮುಖ ನೋಡಿಕೊಂಡರೆ ಮಕ್ಕಳು ದೊಡ್ಡವರಿಗೆ ಬೇಕಾದ ಉತ್ತರ ಕೊಡುತ್ತಾರಂತೆ. ಹಿಂದಿನಿಂದ ಕೈ ಆಡುತ್ತಿದ್ದರೆ ತಮ್ಮಷ್ಟಕ್ಕೆ ಮಾತಾಡುತ್ತಾರೆ. ಇಲ್ಲವಾದರೆ ಸುಮ್ಮನಿರುತ್ತಾರೆ, ಅದೂ ಆಗಬಹುದು. ಜೊತೆಗೆ ಒಂದು ಕೆಲಸ ಕೊಡುತ್ತಾರೆ. ಅವರೆ ಸುಲಿಯುವುದು, ಬಟ್ಟೆ ಮಡಚುವುದು.

ಒಂದು ಕಟ್ಟುನಿಟ್ಟು ಇದೆ. ಮಗು ಸತ್ತ ಸುದ್ದಿಯನ್ನು ತಾವಾಗಿ ಹೇಳುವುದಿಲ್ಲ. “ಅದು ಮನೆಯವರ ಬಾಯಿಂದ ಬರ್ಬೇಕು. ನಾನು ಹೊರಗಿನವಳು. ನಾನು ಹೇಳಿದ್ರೆ ಆ ಮಗು ಆಮೇಲೆ ಮನೆಯವರನ್ನು ನಂಬುವುದುಂಟಾ?” ಆದ್ದರಿಂದ ಅವರ ಶ್ರಮವೆಲ್ಲ ದೊಡ್ಡವರ ಬಾಯಿ ಬಿಡಿಸುವುದರಲ್ಲಿ ಹೋಗುತ್ತದೆ. ಕೆಲವು ಮನೆಯಲ್ಲಿ ನಾಲ್ಕು ದಿನ. ಒಂದು ಮನೆಯಲ್ಲಿ ಮೂವತ್ತೆಂಟನೆಯ ದಿನ ಆಯಿತಂತೆ.

ಚೆಂಬೂರಿನ ಕಾಲನಿಯೊಂದರಲ್ಲಿರುವ ಪುಟ್ಟಲಕ್ಷ್ಮಿ ಎಂಬವರ ಮೊಮ್ಮಗ ಶ್ರೀರಾಮ್‌ಗೆ ಈಗ ಹತ್ತೊಂಬತ್ತು. ಅವನಿಗೆ ಐದು ವರ್ಷವಾಗಿದ್ದಾಗ ಹಸುಳೆ ತಂಗಿ ಹೋದಳು. ಒಳ್ಳೆಯ ಮಕ್ಕಳನ್ನು ದೇವರು ಬೇಗ ಕರೆಸಿಕೊಳ್ಳುತ್ತಾನೆ ಎಂದು ಅಜ್ಜಿ ಸಮಾಧಾನ ಹೇಳಿದ್ದರು. ಮಾರನೆಯ ದಿನದಿಂದ ಹುಡುಗ ತಟ್ಟೆ ಒಡೆಯಲು, ಗೋಡೆಗೆ ಉಗುಳಲು ಶುರುಮಾಡಿದ. ಎಲ್ಲರೂ ಹೊಡೆದರು. ಸೇವಂತಿ ಎಣ್ಣೆ ಹಚ್ಚುತ್ತಿದ್ದಾಗ ಒಂದು ದಿನ ಕಾರಣ ಹೊರಬಿತ್ತು: ಕೆಟ್ಟವನಾದರೆ ದೇವರು ತನ್ನನ್ನು ಕರೆಸಿಕೊಳ್ಳುವುದಿಲ್ಲ. “ನನ್ನ ಬಾಯಲ್ಲಿ ಬಂದ ಮಾತು ಆ ಮಗೂಗೆ ಹಾಗೆ ಕೇಳ್ಸಿತ್ತು ಕಣಮ್ಮ” ಎಂದು ಪುಟ್ಟಲಕ್ಷ್ಮಿ ಹೇಳುತ್ತಾರೆ. ಆಮೇಲೆ ಅವರೇ ಮೊಮ್ಮಗನಿಗೆ ಸರಿಯಾದ ಮಾತಿನಲ್ಲಿ ತಿಳಿಸಿದರು. ಶ್ರೀರಾಮ್ ಇವತ್ತಿಗೂ ದೀಪಾವಳಿಗೆ ಸೇವಂತಿಯ ಚಾಳ್‌ಗೆ ಬಂದುಹೋಗುತ್ತಾನೆ. ಬಂದಾಗಲೆಲ್ಲ ಸೇವಂತಿ ತಟ್ಟೆಗಳನ್ನು ಒಳಗಿಡುವ ನಾಟಕ ಮಾಡುತ್ತಾರೆ.

ಮಗು ಸತ್ತ ಮನೆಗೆ ಹೋಗಿ ಬಂದ ಕೈ ನಮ್ಮ ಕೂಸಿಗೆ ಬೇಡ ಎನ್ನುವವರೂ ಇದ್ದಾರೆ. ಈ ವರ್ಷವೇ ಎರಡು ಮನೆ ತಪ್ಪಿವೆ. ಮುಚ್ಚಿಡಬಹುದಲ್ಲ ಎಂದರೆ, ಕೇಳಿದರೆ ಹೇಳುತ್ತೇನೆ ಎನ್ನುತ್ತಾರೆ. ಗಂಡ ಚೆನ್ನಯ ಫೋರ್ಟಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. “ಇವಳಿಗೆ ಬೇಡ ಅಂತ ಹೇಳಿದ್ರೆ ಅದು ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹಾಗೆ, ಕೇಳ್ತದೆ, ಆದ್ರೆ ಗಾಡಿ ನಿಲ್ಲುವುದಿಲ್ಲ” ಎಂದು ಅವರು ನಗುತ್ತಾರೆ.

ಈ ಹಟ ಎಲ್ಲಿಂದ ಬಂತು ಎಂದು ಕೇಳಿದಾಗ ಸೇವಂತಿ ಎಣ್ಣೆಯ ಬಟ್ಟಲು ಒರೆಸಿ ಚೀಲಕ್ಕೆ ಹಾಕಿಕೊಂಡರು. ಎರಡು ದಿನ ಕಳೆದು, ವಡಾಳಾ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿ ಕಾಯುತ್ತ ಹೇಳಿದರು. ಅವರಿಗೆ ಎಂಟು ವರ್ಷವಾಗಿದ್ದಾಗ ಮನೆಯಲ್ಲಿ ತಂಗಿ ಹುಟ್ಟಿದಳು. ದೃಷ್ಟಿ ತಾಗದ ಹಾಗೆ ಪ್ರತಿದಿನ ಮಿಂದ ಮೇಲೆ ಅವಳ ಕೆನ್ನೆಗೆ, ಅಂಗಾಲಿಗೆ ಕಪ್ಪು ಬೊಟ್ಟು ಇಡುವುದು ಸೇವಂತಿಯ ಕೆಲಸ. ಒಂದು ದಿನ ಕಾಡಿಗೆ ಮುಗಿದಿತ್ತು. ಆಡಲು ಓಡಿದರು. ನಾಲ್ಕನೆಯ ದಿನ ಮಗು ಜ್ವರದಿಂದ ಹೋಯಿತು.

“ಯಾರೂ ಬೈಲಿಲ್ಲ. ಬೈದಿದ್ರೆ, ಕಾಡಿಗೆ ಇರ್ಲಿಲ್ಲ ಅಂತಾದ್ರೂ ಹೇಳ್ತಿದ್ದೆ. ಯಾರೂ ಆ ಮಗುವಿನ ಸುದ್ದಿಯನ್ನೇ ಎತ್ತಲಿಲ್ಲ. ನನಗೆ ಮದುವೆಯಾಯ್ತು, ಎರಡು ಮಕ್ಕಳಾಯ್ತು, ಆಗಲೂ ನಾನೇ ಕೊಂದದ್ದು ಅಂತಲೇ ಇದ್ದೆ. ಮೂವತ್ತನಾಲ್ಕಕ್ಕೆ ಅಮ್ಮನ ಹತ್ರ ಬಾಯಿಬಿಟ್ಟಾಗಲೇ ಗೊತ್ತಾದದ್ದು, ಅದು ಜ್ವರದಿಂದ ಮಾತ್ರ ಅಂತ.” ಗಾಡಿ ಬರುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಂಗಸರ ಡಬ್ಬಿಯತ್ತ ನಡೆಯುತ್ತಾರೆ.

ಯಕ್ಷಿತಾಳ ಮನೆ ಸೇವಂತಿಗೆ ಹೊಸದಲ್ಲ. ಏಳು ವರ್ಷದ ಹಿಂದೆ ಯಕ್ಷಿತಾಳನ್ನು ಮೀಯಿಸಿದ್ದೂ ಅವರೇ. ತಾಯಿ ನಿಶಾ. ತಂದೆ ಪ್ರಶಾಂತ ವಿಮಾನ ನಿಲ್ದಾಣದ ಕಾರ್ಗೊದಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಅಜ್ಜ ರಮಾನಾಥರು ಮೂವತ್ತೆಂಟು ವರ್ಷ ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಮನೆಯಲ್ಲಿ ನಡೆಯುವುದು ಅವರ ಮಾತು. ಹೆಸರುಗಳನ್ನು ಬದಲಿಸಿ ಬರೆಯಬಹುದು ಎಂದು ಒಪ್ಪಿದವರು ನಿಶಾ.

ಮಗು ಹೋದ ಸಂಜೆ ಯಕ್ಷಿತಾ ಕೇಳಿದ್ದು ಅಜ್ಜನನ್ನು. ರಮಾನಾಥರು ಆಗಷ್ಟೇ ಹೊರಗಿನಿಂದ ಬಂದು ಸ್ನಾನ ಮುಗಿಸಿದ್ದರು. ಅವರ ನಾದಿನಿ, ಹುಡುಗಿಯ ಚಿಕ್ಕಜ್ಜಿ, ಅದೇ ದಿನ ಊರಿಗೆ ಹೊರಟಿದ್ದರು. ಬಾಯಿಗೆ ಬಂದದ್ದು ಊರು. ಮುಂಬಯಿಯ ಮನೆಗಳಲ್ಲಿ ಜಾಗವಿಲ್ಲದ್ದೆಲ್ಲ ಊರಿಗೆ ಹೋಗುತ್ತದೆ. ಹಳೆಯ ಕಪಾಟು, ಹಿತ್ತಾಳೆ ಹಂಡೆ, ಮುರಿದ ಸೈಕಲ್. ಯಕ್ಷಿತಾ ಹುಟ್ಟಿದಾಗ ತಂದ ತೊಟ್ಟಿಲೂ ಹಾಗೇ ಹೋಗಿತ್ತು. ಹುಡುಗಿ ತಕ್ಷಣ ನಂಬಿದಳು. ಊರಿಗೆ ಹೋದದ್ದೆಲ್ಲ ಮೇ ತಿಂಗಳಲ್ಲಿ ಹೋದಾಗ ಅಲ್ಲಿಯೇ ಇರುತ್ತದೆ ಎಂಬುದು ಅವಳಿಗೆ ಗೊತ್ತಿದ್ದದ್ದೇ.

“ಊರಲ್ಲಿ ದನ ಕರು ಹಾಕಿದೆ, ಮಾವಿನಹಣ್ಣು ಆಗಿದೆ. ಮೂರು ದಿನದಲ್ಲಿ ಮರೀತಾಳೆ” ಎನ್ನುವುದು ರಮಾನಾಥರ ಲೆಕ್ಕ.

“ಮರೆಯುವುದಿಲ್ಲ ರಮಾನಾಥಣ್ಣ. ಗಾಡಿಯಿಂದ ಇಳಿದವಳೇ ಹುಡುಕ್ತಾಳೆ. ಒಂದೊಂದು ಕೋಣೆ ಹುಡುಕ್ತಾಳೆ” ಎಂದು ಸೇವಂತಿ ಸೋಮವಾರವೇ ಅವರಿಗೆ ಹೇಳಿದ್ದರು. ರಮಾನಾಥರು ಟಿವಿಯ ಸದ್ದು ಜಾಸ್ತಿ ಮಾಡಿದರು.

ಮಂಗಳವಾರ ಕೆಡಿಸಿದ್ದು ಮಲ್ಲಿಗೆ. ನಿಶಾಗೆ ಹಾಲು ಕಟ್ಟಿಕೊಂಡು ಜ್ವರ ಬಂದಿದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಜೊತೆಗೆ ಊರಿನ ಹಳೆಯ ರೂಢಿಯಂತೆ ಸೇವಂತಿ ಪ್ರತಿದಿನ ಸ್ಟೇಷನ್ನಿನ ಹೊರಗೆ ಎರಡು ಗಜರೆ, ಅಂದರೆ ಮಲ್ಲಿಗೆ ದಂಡೆ, ಕೊಂಡು ತರುತ್ತಾರೆ. ಮಲ್ಲಿಗೆಯನ್ನು ಎದೆಗೆ ಕಟ್ಟಿದರೆ ಹಾಲು ಇಂಗುತ್ತದೆ ಎಂಬ ನಂಬಿಕೆ. ಯಕ್ಷಿತಾ ಇದನ್ನು ನಾಲ್ಕು ದಿನ ನೋಡಿದ್ದಾಳೆ. ಗಜರೆ ಒಳಕೋಣೆಗೆ ಹೋಗುತ್ತದೆ, ಅಮ್ಮನ ತಲೆಯಲ್ಲಿ ಮಾತ್ರ ಕಾಣುವುದಿಲ್ಲ. ಎಣ್ಣೆ ಹಚ್ಚಿಸಿಕೊಳ್ಳುತ್ತ, ತಿರುಗದೆ, ದಿನಾ ತರುವ ಹೂವು ಎಲ್ಲಿ ಹೋಗುತ್ತದೆ ಎಂದು ಹಿಂದಿ ಬೆರೆಸಿ ಕೇಳುತ್ತಾಳೆ.

“ಮೌಶಿ, ಆಪ್ ರೋಜ್ ಗಜರಾ ಲಾತೇ ಹೋ. ಅಮ್ಮ ತಲೆಗೆ ಹಾಕೋದೇ ಇಲ್ಲ. ಕಿಧರ್ ಜಾತಾ ಹೈ?”

ದೇವರಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಸೇವಂತಿ ಆಮೇಲೆ ಒಪ್ಪಿಕೊಂಡರು. ಆದರೆ ಆಗ ಹೇಳಿದ್ದು ಬೇರೆ. “ಅಮ್ಮನ ಎದೆಗೆ ಕಟ್ಲಿಕ್ಕೆ ಪುಟ್ಟಾ. ಹಾಲು ನಿಲ್ಲಲಿಕ್ಕೆ.”

ಹುಡುಗಿ ಗೋಡೆಯ ಮೇಲಿನ ಹಲ್ಲಿಯನ್ನು ಬಹಳ ಹೊತ್ತು ನೋಡುತ್ತಾಳೆ. “ಫಿರ್ ಛೋಟೂ ವಾಪಸ್ ಬಂದ್ರೆ ಎಂತ ಕುಡೀತಾನೆ?”

ಒಳಗೆ ಪಾತ್ರೆ ಜೋಡಿಸುತ್ತಿದ್ದ ನಿಶಾಳ ಬಳೆಯ ಸದ್ದು ನಿಲ್ಲುತ್ತದೆ. ರಮಾನಾಥರು ಕುರ್ಚಿಯಿಂದ ಏಳುತ್ತಾರೆ. ಯಕ್ಷಿತಾಳನ್ನು ಪಕ್ಕದ ಮನೆಗೆ ಕಳಿಸಿ, ಬಾಗಿಲು ಹಾಕಿ, ದನಿ ಏರಿಸದೆ ಹೇಳುತ್ತಾರೆ. “ಸೇವಂತಿ, ನೀನು ಎಣ್ಣೆ ತಿಕ್ಕಲಿಕ್ಕೆ ಬಂದವಳು. ನಾಳೆಯಿಂದ ಬರುವುದು ಬೇಡ.”

“ಆಯ್ತು ರಮಾನಾಥಣ್ಣ” ಎಂದು ಸೇವಂತಿ ಚೀಲ ಎತ್ತಿಕೊಂಡು ಇಳಿಯುತ್ತಾರೆ. ಆ ದಿನ ಉಳಿದ ಎರಡು ಮನೆಗಳಲ್ಲಿ ಎಂದಿನಂತೆ ಕೂಸುಗಳನ್ನು ಕಾಲ ಮೇಲೆ ಹಾಕಿ ಮೀಯಿಸುತ್ತಾರೆ, ಸಾಂಬ್ರಾಣಿ ಹೊಗೆ ಹಾಕುತ್ತಾರೆ. ಒಂದು ಕೂಸು ಅವರ ಸೀರೆ ಒದ್ದೆ ಮಾಡುತ್ತದೆ. ಬದಲಿ ಸೀರೆ ಇರುವುದು ಅದಕ್ಕೇ.

ಬುಧವಾರ ಆರೂಕಾಲಿಗೆ ಮತ್ತೆ ಅದೇ ಮೂರನೆಯ ಮಾಳಿಗೆ. ಕೈಯಲ್ಲಿ ಎರಡು ಗಜರೆ. ಬರಬೇಡ ಎಂದಿದ್ದರಲ್ಲ ಎಂದರೆ, “ಆಯ್ತು ಅಂದದ್ದು ಹೌದು. ಬರುವುದಿಲ್ಲ ಅಂತ ಹೇಳಿದ್ದೇನಾ?” ಎನ್ನುತ್ತಾರೆ. ಬೆಲ್ ಒಂದೇ ಸಲ ಒತ್ತುತ್ತಾರೆ. ಬಾಗಿಲ ಕಣ್ಣುಗಾಜಿನ ಹಿಂದೆ ನೆರಳು ಬಂದು ಹೋಗುತ್ತದೆ, ಬಾಗಿಲು ತೆರೆಯುವುದಿಲ್ಲ. ಮೆಟ್ಟಿಲಿನ ಮೇಲೆ ಕುಳಿತು ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹಾಲಿನವನು ಅವರನ್ನು ದಾಟಿಕೊಂಡು ಹೋಗುತ್ತಾನೆ. ಎದುರಿನ ಮನೆಯ ಗುಜರಾತಿ ಹೆಂಗಸು ಕಸದ ಬುಟ್ಟಿ ಹೊರಗಿಡುತ್ತ, ಚಾವಿ ಮರೆತಿರಾ ಎಂದು ಹಿಂದಿಯಲ್ಲಿ ಕೇಳುತ್ತಾರೆ. ಚಾವಿ ಒಳಗಿದೆ, ಬರುತ್ತದೆ ಎಂದು ಸೇವಂತಿ ಉತ್ತರಿಸುತ್ತಾರೆ. ನಲವತ್ತು ನಿಮಿಷ ಹೀಗೇ ಹೋಗುತ್ತದೆ. ಎರಡನೆಯ ಮನೆಗೆ ಫೋನ್ ಮಾಡಿ, ಇವತ್ತು ತಡ ಎಂದು ತಿಳಿಸುತ್ತಾರೆ. ಏಳುವ ಲಕ್ಷಣ ಕಾಣುವುದಿಲ್ಲ.

ಬಾಗಿಲು ತೆರೆಯುವವರು ನಿಶಾ. ಕೂದಲು ಕಟ್ಟಿಲ್ಲ, ಕಣ್ಣು ಊದಿದೆ. “ಒಳಗೆ ಬನ್ನಿ. ಅವಳು ರಾತ್ರಿ ನನ್ನ ಹತ್ರ ಬಂದು ಹಾಲು ಬಂದ್ ಮಾಡಬೇಡ ಅಂತ ಕೇಳಿದಳು. ನನ್ನಿಂದ ಇನ್ನು ಆಗುವುದಿಲ್ಲ ಸೇವಂತಿಯಕ್ಕ. ಹೇಗೆ ಹೇಳುವುದು, ಅದನ್ನು ಹೇಳಿಕೊಡಿ.”

ಸೇವಂತಿ ಉಪದೇಶ ಮಾಡುವುದಿಲ್ಲ. ಎಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡಿ ನಿಶಾಳ ಕೈಗೆ ಕೊಡುತ್ತಾರೆ. ಮಣೆ ಹಾಕಿ ಯಕ್ಷಿತಾಳನ್ನು ಮುಂದೆ, ತಾಯಿಯನ್ನು ಹಿಂದೆ ಕೂರಿಸುತ್ತಾರೆ. ಹುಡುಗಿಯ ಮಡಿಲಿಗೆ ಆ ಶಾಲೆಯ ಚೀಲ ಕೊಟ್ಟು, ಬಟ್ಟೆಗಳನ್ನು ಇನ್ನೊಮ್ಮೆ ನೀಟಾಗಿ ಮಡಚೋಣ ಎನ್ನುತ್ತಾರೆ. ತಾಯಿಯ ಕಿವಿಯ ಬಳಿ ಹೇಳುವುದು ಇಷ್ಟು: ಸತ್ತ ಎಂಬ ಮಾತನ್ನೇ ಹೇಳಬೇಕು, ಹೋದ ಎನ್ನಬಾರದು, ಮಲಗಿದ ಎನ್ನಬಾರದು. ಅಳು ಬಂದರೆ ಅಳಬಹುದು, ಕೈ ಮಾತ್ರ ನಿಲ್ಲಿಸಬಾರದು. ಆಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಸರಿದು ನಿಲ್ಲುತ್ತಾರೆ.

ಕುರ್ಚಿಯಲ್ಲಿರುವ ರಮಾನಾಥರು ಪೇಪರಿನಿಂದ ತಲೆ ಎತ್ತುವುದಿಲ್ಲ. ಆದರೆ ತಡೆಯುವುದೂ ಇಲ್ಲ.

ನಿಶಾಳ ಬೆರಳುಗಳು ಮಗಳ ಕೂದಲಲ್ಲಿ ಆಡುತ್ತವೆ. ಆಮೇಲೆ ಮಾತು ಬರುತ್ತದೆ. “ಯಕ್ಷಿ, ಛೋಟೂ ಊರಲ್ಲಿ ಇಲ್ಲ. ನಾವು ಸುಳ್ಳು ಹೇಳಿದ್ದು. ಅವನು ಆಸ್ಪತ್ರೆಯಲ್ಲೇ ಸತ್ತುಹೋದ. ಹುಟ್ಟುವಾಗಲೇ ಅವನ ಹಾರ್ಟ್ ಸರಿ ಇರಲಿಲ್ಲ.”

ಯಕ್ಷಿತಾ ಮಡಚುವುದನ್ನು ನಿಲ್ಲಿಸುವುದಿಲ್ಲ. ಒಂದು, ಎರಡು, ಮೂರು ಬಟ್ಟೆ ಆಗುತ್ತದೆ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಕೇಳುತ್ತಾಳೆ. “ಮೈಂ ಖಾಂಸೀ ಥೀ ನಾ, ಅವನ ಮೇಲೆ? ನೀವು ಬೈದಿರಿ, ದೂರ ಹೋಗು ಅಂತ. ಉಸೀ ಸೇ ಆದದ್ದಾ?”

ಆರು ದಿನ ಅವಳು ಹೊತ್ತುಕೊಂಡು ತಿರುಗಿದ್ದು ಆ ಕೆಮ್ಮನ್ನು. ನಿಶಾ ಇಲ್ಲ ಎನ್ನುತ್ತಾರೆ. ಕೆಮ್ಮಿನಿಂದ ಅಲ್ಲ, ನಿನ್ನಿಂದ ಅಲ್ಲ, ಯಾರಿಂದಲೂ ಅಲ್ಲ. ಇನ್ನೂ ಎರಡು ಸಲ ಹೇಳುತ್ತಾರೆ. ಎಣ್ಣೆ ಮಗಳ ಕಿವಿಯ ಹಿಂದಿನಿಂದ ಇಳಿದು ಫ್ರಾಕಿಗೆ ತಾಗಿದೆ, ಯಾರೂ ಒರೆಸುವುದಿಲ್ಲ. ಆಮೇಲೆ ಹುಡುಗಿ ಅಳುತ್ತಾಳೆ. ತಾಯಿಯೂ ಅಳುತ್ತಾರೆ. ಪ್ರಶಾಂತ ಪಾಳಿ ಮುಗಿಸಿ ಬಂದು ಬಾಗಿಲಲ್ಲೇ ನಿಂತವರು, ಐಡಿ ಕಾರ್ಡನ್ನು ಕೊರಳಿನಿಂದ ತೆಗೆಯದೆ ಅವರ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾರೆ.

ಅಳು ಇಳಿದ ಮೇಲೆ ಯಕ್ಷಿತಾ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಛೋಟೂ ಈಗ ಎಲ್ಲಿದ್ದಾನೆ? ಮಣ್ಣು ಮಾಡಿದರು ಎನ್ನುತ್ತಾರೆ ನಿಶಾ. ಯಾವ ಮಣ್ಣಿನಲ್ಲಿ ಎಂಬುದು ಅವರಿಗೂ ಗೊತ್ತಿಲ್ಲ. ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ತಾಯಿಯನ್ನೂ ಒಡಹುಟ್ಟಿದವರನ್ನೂ ಅಲ್ಲಿಗೆ ಕರೆದೊಯ್ಯುವ ಪದ್ಧತಿ ಇಲ್ಲ. ಪ್ರಶಾಂತ ಆ ದಿನ ಆಸ್ಪತ್ರೆಯ ಕಾಗದಗಳ ಹಿಂದೆ ಓಡಾಡುತ್ತಿದ್ದರು. ಬಿಳಿ ಪಂಚೆಯಲ್ಲಿ ಸುತ್ತಿದ ಗಂಟನ್ನು ಟ್ಯಾಕ್ಸಿಯಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿ ಬಂದವರು ಒಬ್ಬರೇ. ಎಲ್ಲರೂ ಕುರ್ಚಿಯ ಕಡೆ ನೋಡುತ್ತಾರೆ. ರಮಾನಾಥರು ಎದ್ದು ಬಾಲ್ಕನಿಗೆ ಹೋಗುತ್ತಾರೆ.

ಗುರುವಾರ. ಬೆಲ್ ಒತ್ತಿದ ಕೂಡಲೇ ಬಾಗಿಲು ತೆರೆಯುತ್ತದೆ. ತೆರೆದವರು ರಮಾನಾಥರು. ಸರಿದು ದಾರಿ ಬಿಡುತ್ತಾರೆ. ಶಾಲೆಯ ಚೀಲದಲ್ಲಿ ಮತ್ತೆ ಪುಸ್ತಕಗಳು ಬಂದಿವೆ. ಹದಿಮೂರು ಬಟ್ಟೆಗಳನ್ನು ಸೇವಂತಿಗೆ ಕೊಡುವುದೆಂದು ತಾಯಿ ಮಗಳು ಮಾತಾಡಿಕೊಂಡಿದ್ದಾರೆ, ಬೇರೆ ಕೂಸಿಗೆ ಆಗಲಿ ಎಂದು. ಒಂದು ಯಕ್ಷಿತಾಳ ತಲೆದಿಂಬಿನ ಕೆಳಗಿದೆ. ಸಾವಿನ ಮನೆಯ ಬಟ್ಟೆ ಎಂದರೆ ಯಾರೂ ಮುಟ್ಟುವುದಿಲ್ಲ ಎಂದು ಸೇವಂತಿಗೆ ಗೊತ್ತು. ಆದರೂ ತೆಗೆದು ಚೀಲಕ್ಕೆ ಹಾಕುತ್ತಾರೆ. ಬಟ್ಟೆ ಎಲ್ಲಿಯದು ಎಂದು ಕೇಳದ ಮನೆ ಒಂದಾದರೂ ಸಿಗುತ್ತದೆ.

ಇವತ್ತು ತಲೆಗೆ ಎಣ್ಣೆ ಹಚ್ಚುವವರು ನಿಶಾ. ಸೇವಂತಿಗೆ ಮಾಡಲು ಹೆಚ್ಚು ಕೆಲಸವಿಲ್ಲ. ಹೀಗೆ ಕೆಲಸ ಇಲ್ಲದಂತೆ ಆಗುವುದೇ ತನಗೆ ಬೇಕಾದದ್ದು ಎನ್ನುತ್ತಾರೆ. “ಇಪ್ಪತ್ತಮೂರು ಮನೆಯಲ್ಲಿ ಒಂದು ಮಗುವೂ ನನ್ನ ಹಾಗೆ ಇಪ್ಪತ್ತಾರು ವರ್ಷ ಕಾಯ್ಲಿಲ್ಲ. ಅಷ್ಟು ಮಾಡಿದ್ದೇನೆ.” ನಲವತ್ತರಲ್ಲಿ ಉಳಿದ ದಿನಗಳಿಗೂ ಬರುತ್ತಾರೆ, ಊರಿನಿಂದ ಇವರು ಮರಳಿದ ಮೇಲೆ ತಪ್ಪಿದ ದಿನಗಳನ್ನೂ ಸೇರಿಸಿ.

ಹೊರಡುವಾಗ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಾರೆ. ಹಜಾರದಲ್ಲಿ ಎಲ್ಲರೂ ಇದ್ದಾರೆ. ಯಕ್ಷಿತಾ ಎಣ್ಣೆಯ ತಲೆಯಲ್ಲಿ, ಅವಳ ಹಿಂದೆ ನಿಶಾ, ಕಿಟಕಿಗೆ ಒರಗಿ ಪ್ರಶಾಂತ, ಕುರ್ಚಿಯಲ್ಲಿ ರಮಾನಾಥರು.

“ರಮಾನಾಥಣ್ಣ, ಜಾಗ ಗೊತ್ತಿರುವುದು ನಿಮಗೊಬ್ಬರಿಗೇ. ಮುಂದಿನ ಶುಕ್ರವಾರ ಗಾಡಿ ಹತ್ತುವ ಮೊದಲು ಇವಳನ್ನು ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗಿ.”

ರಮಾನಾಥರು ಕೈಯಲ್ಲಿದ್ದ ಪೇಪರನ್ನು ಮಡಚಿ ಮಡಿಲ ಮೇಲಿಟ್ಟುಕೊಳ್ಳುತ್ತಾರೆ.